ಅಖ್ತರ್‌ಬೀ ನಾಲಿಗೆ ಮೇಲೆ ಮೂರು ತಾಲ್ಲೂಕಿನ ಮರ

ನ್ಯಾಮತಿಯ ಸಂತೆ ಮೈದಾನದ ಹಿಂದೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಖ್ತರ್‌ಬೀ ಒಂದು ಕಟ್ಟಿಗೆ ತುಂಡು ಎತ್ತಿಕೊಳ್ಳುತ್ತಾರೆ, ಕೊಡಲಿ ಬಿದ್ದ ಮಗ್ಗುಲು ಮೇಲೆ ಬರುವಂತೆ ತಿರುಗಿಸುತ್ತಾರೆ, ಅದಕ್ಕೆ ನಾಲಿಗೆಯ ತುದಿ ತಾಗಿಸುತ್ತಾರೆ. ಒಂದು ಗಳಿಗೆ ಕಣ್ಣು ಮುಚ್ಚಿ, ಎಡಕ್ಕೆ ತಿರುಗಿ ‘ಥೂ’ ಎಂದು ಉಗುಳುತ್ತಾರೆ. “ಹುಣಸೆ” ಎಂದು ತುಂಡನ್ನು ಬಲಗಡೆಯ ರಾಶಿಗೆ ಎಸೆಯುತ್ತಾರೆ. ಇನ್ನೊಂದು ತುಂಡು, ಇನ್ನೊಂದು ಥೂ. “ಹೊಂಗೆ.” ಮತ್ತೊಂದು. “ಮಾವು. ಇದನ್ನ ನೆಕ್ಕೋದೇ ಬ್ಯಾಡ, ವಾಸನೆ ಸಾಕು.” ಏಳನೆಯದಕ್ಕೋ ಎಂಟನೆಯದಕ್ಕೋ ಮುಖವೆಲ್ಲ ಕಿವುಚಿಕೊಳ್ಳುತ್ತದೆ. “ಬಂತು ನೋಡ್ರಿ, ಮನೆಹಾಳು ಜಾಲಿ!” ಎಂದವರೇ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ. “ತೋಬಾ, ತೋಬಾ. ಹಂಗನ್ನಬಾರ್ದು. ಒಬ್ರ ಮನೆ ಹಿರೇರು ಇದು.” ಆ ತುಂಡನ್ನು ಮಾತ್ರ ಎಸೆಯುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು, ಹಾಸಿದ ಗೋಣಿಚೀಲದ ಮೇಲೆ ಮಲಗಿಸುತ್ತಾರೆ.

ರಾಶಿಯಲ್ಲಿರುವುದು ಎಂಬತ್ತು ಮಣ. ತುಂಡುಗಳಲ್ಲಿ ಎಣಿಸಿದರೆ ಆರುನೂರರ ಮೇಲೆ. ಈವತ್ತು ಶುಕ್ರವಾರ. ನಾಳೆ ಬೆಳಿಗ್ಗೆ ಗಾಡಿ ಹೊನ್ನಾಳಿಗೆ ಹೊರಡಬೇಕು. ನಾಡಿದ್ದು ಅಲ್ಲಿ ಬೀರಲಿಂಗಪ್ಪನವರ ಕೊನೆಯ ಮಗಳ ಮದುವೆ. ಬೀಗರು ಜಗಳೂರು ಕಡೆಯವರು, ಜಾಲಿಯ ಬೆಡಗಿನವರು. ಅವರ ಊಟ ಬೇಯುವ ಒಲೆಗೆ ಜಾಲಿಯ ಒಂದೇ ಒಂದು ತುಂಡು ಬಿದ್ದರೂ ಎಲೆ ಬಿಟ್ಟು ಏಳುತ್ತಾರೆ. ಹದಿನೈದು ವರ್ಷದ ಹಿಂದೆ, 1972ರಲ್ಲಿ, ಇದೇ ಮನೆಯ ಹಿರಿಯ ಮಗಳ ಮದುವೆಯಲ್ಲಿ, ಇದೇ ಅಖ್ತರ್‌ಬೀ ಕಳಿಸಿದ ಕಟ್ಟಿಗೆಯ ದೆಸೆಯಿಂದ, ಇದೇ ಬೀಗರು ಎದ್ದಿದ್ದರು. ಮತ್ತೊಮ್ಮೆ ಏಳಬಾರದು. ಅದಕ್ಕೇ ಈ ನೆಕ್ಕಾಟ.

ಸಾಲದ್ದಕ್ಕೆ ರಂಜಾನ್ ತಿಂಗಳು. ವೈಶಾಖದ ಲಗ್ನಗಳೂ ರೋಜಾಗಳೂ ಈ ಸಲ ಒಂದೇ ಬಸ್ಸು ಹತ್ತಿ ಬಂದಿವೆ. ಉಪವಾಸವಿದ್ದು ಮರ ನೆಕ್ಕಿದರೆ ರೋಜಾ ಮುರಿಯುತ್ತದೆಯೇ ಎಂಬ ಪ್ರಶ್ನೆಯನ್ನು ಗಂಡ ಸುಬಾನಸಾಬರು ಮಸೀದಿಯ ಹಜರತ್ತರ ಹತ್ತಿರ ಒಯ್ದಿದ್ದರಂತೆ. ಹಜರತ್ತರು ಮೊದಲು ನಕ್ಕರು, ಆಮೇಲೆ ಯೋಚಿಸಿದರು, ಕೊನೆಗೆ ‘ಹೊಟ್ಟೆಪಾಡಿನ ಕೆಲಸ, ಮಾಡಲಿ, ಆದರೆ ನುಂಗಬಾರದು’ ಎಂದರು. “ನುಂಗಾಕೆ ಇದೇನು ಬಿರಿಯಾನಿನಾ?” ಎನ್ನುವುದು ಅಖ್ತರ್‌ಬೀ ತಕರಾರು. “ಆರ್ನೂರು ಸಲ ಉಗುಳ್ಬೇಕು, ಒಂದು ಗುಟುಕು ನೀರು ಕುಡಿಯಂಗಿಲ್ಲ. ಉರಿಯೋದು ಬರೀ ಕಟ್ಟಿಗೆ ಅಂದ್ಕೊಂಡಿದೀರಾ? ಮೊದ್ಲು ನಾನು ಉರೀತೀನಿ, ಆಮೇಲೆ ಕಟ್ಟಿಗೆ.”

ಅಖ್ತರ್‌ಬೀಗೆ ಐವತ್ತನಾಲ್ಕು ವರ್ಷ. ತವರು ಕೆರೆಬಿಳಚಿ. ಹದಿನಾರಕ್ಕೆ ಮದುವೆಯಾಗಿ ಈ ಸೌದೆ ಡಿಪೋಗೆ ಬಂದವರು. ಡಿಪೋಗೆ ಬೋರ್ಡಿಲ್ಲ, ಬಾಗಿಲಿಲ್ಲ. ಇರುವುದು ಒಂದು ತಗಡಿನ ಚಪ್ಪರ, ಒಂದು ತಕ್ಕಡಿ, ಎರಡು ಕೊಡಲಿ, ಒಂದು ಎತ್ತಿನ ಗಾಡಿ. ಗಾಡಿ ಹೊಡೆಯುವುದು ಸುಬಾನಸಾಬರ ಕೆಲಸ. ಅವರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದರಲ್ಲಿ ಎಂಟು ಎತ್ತುಗಳ ಪಾಲು. ಮನೆಯ ಮಾತಿನ ಇಲಾಖೆಯನ್ನು ಹೆಂಡತಿಗೆ ವಹಿಸಿ ಅವರು ನೆಮ್ಮದಿಯಾಗಿದ್ದಾರೆ. ಸೊಸೆಯಾಗಿ ಬಂದ ಹೊಸದರಲ್ಲಿ ಅಖ್ತರ್‌ಬೀಗೆ ಅತ್ತೆ ಸುಗ್ರಾ ಕಲಿಸಿದ ಮೊದಲ ಪಾಠ ತಕ್ಕಡಿ ಹಿಡಿಯುವುದಲ್ಲ, ಕೊಡಲಿ ಹಿಡಿಯುವುದೂ ಅಲ್ಲ. ಯಾರ ಮನೆಗೆ ಯಾವ ಮರ ಹೋಗಬಾರದು ಎಂಬುದು.

ಇಲ್ಲಿ ಬೆಡಗು ಎಂದರೇನೆಂದು ಹೇಳಿಬಿಡಬೇಕು. ಕನ್ನಡಿಯ ಮುಂದಿನ ಬೆಡಗಿಗೂ ಇದಕ್ಕೂ ಸಂಬಂಧವಿಲ್ಲ, ಈ ಬೆಡಗು ಬಂದಲ್ಲಿ ಬಿನ್ನಾಣ ಓಡಿಹೋಗುತ್ತದೆ. ನಮ್ಮ ಬಯಲುಸೀಮೆಯ ಎಷ್ಟೋ ಮನೆತನಗಳು ತಮ್ಮ ಮೂಲವನ್ನು ಒಂದು ಮರಕ್ಕೋ ಪ್ರಾಣಿಗೋ ವಸ್ತುವಿಗೋ ಕಟ್ಟಿಕೊಂಡಿವೆ. ಅತ್ತಿಯವರು, ಹೊನ್ನೆಯವರು, ಆಮೆಯವರು, ಆನೆಯವರು, ಜೀರಿಗೆಯವರು, ಅರಿಶಿನದವರು. ಒಂದೇ ಬೆಡಗಿನವರು ಎಂದೂ ನೋಡದಿದ್ದರೂ ಅಣ್ಣ ತಂಗಿಯರು, ಅವರೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಬೆಡಗಿನ ಮರವಂತೂ ಮನೆಯ ಹಿರಿಯ. ಅದನ್ನು ಕಡಿಯುವುದಿಲ್ಲ, ಸುಡುವುದಿಲ್ಲ. ಗಾಳಿಗೆ ಉರುಳಿ ಬಿದ್ದರೆ ಮನೆಯವರು ತಲೆಗೆ ನೀರು ಹಾಕಿಕೊಳ್ಳುವ ಊರುಗಳಿವೆ.

ಬೀರಲಿಂಗಪ್ಪನವರದು ಆನೆಯ ಬೆಡಗು. ಆನೆಯನ್ನು ಯಾರೂ ಒಲೆಗೆ ಹಾಕುವುದಿಲ್ಲವಾದ್ದರಿಂದ ಅಖ್ತರ್‌ಬೀಗೆ ಅವರ ಮೇಲೆ ತುಂಬ ಗೌರವ. “ಇಡೀ ಹೊನ್ನಾಳಿ ಆನೆಯೋರೇ ಆಗಿದ್ರೆ ನಾನು ಇಷ್ಟೊತ್ತಿಗೆ ದಪ್ಪಗಾಗಿರ್ತಿದ್ದೆ ನೋಡ್ರಿ. ಪ್ರಾಣಿಯೋರು ಬಂದ್ರೆ ಕಣ್ಣು ಮುಚ್ಕೊಂಡು ತೂಗ್ತೀನಿ. ಮರದೋರು ಬಂದ್ರೆ ಎದೆ ಡವ ಡವ ಅಂತೈತೆ.”

ಮರದವರ ಪಟ್ಟಿ ಅವರ ತಲೆಯಲ್ಲಿದೆ. ತ್ಯಾವಣಿಗೆಯಲ್ಲಿ ಅತ್ತಿಯವರು ನಾಲ್ಕು ಮನೆ. ಚನ್ನಗಿರಿ ಪೇಟೆಯಲ್ಲಿ ಬೇವಿನವರು ಎರಡು, ಉಬ್ರಾಣಿ ಕಡೆ ಮತ್ತಿಯವರು ಒಂದು ಓಣಿ, ಹೊನ್ನಾಳಿ ಹೊಳೆ ದಡದಲ್ಲಿ ಬಸರಿಯವರು. ಹಾಗೆ ಎಣಿಸುತ್ತ ಹೋಗಿ ನೂರಾ ಮೂವತ್ತಕ್ಕೆ ನಿಲ್ಲಿಸುತ್ತಾರೆ, ನೆನಪು ಮುಗಿದದ್ದರಿಂದಲ್ಲ, ಬೇಜಾರಾದದ್ದರಿಂದ. ಇದನ್ನೆಲ್ಲ ಯಾರ ಕೈಲಾದರೂ ಒಂದು ಪುಸ್ತಕದಲ್ಲಿ ಬರೆಸಿಡಬಾರದೇ ಎಂದರೆ ಅವರಿಗೆ ನಗು. “ಪುಸ್ತಕ? ಕಾಗದ ಮಾಡೋದು ಬಿದಿರಿಂದ ಅಂತೆ. ಬಿದ್ರಿನೋರು ಮೂರು ಮನೆ ಅವ್ರೆ. ಅವ್ರು ಬಂದು, ಏನವ್ವಾ ನಮ್ಮ ಹಿರೇರ ಮೇಲೆ ಗೀಚ್ತಾ ಕುಂತೀಯಾ ಅಂದ್ರೆ ಏನ್ ಮಾಡ್ಲಿ?”

ಗಿರಾಕಿಗಳ ವಿಷಯ ಎತ್ತಿದರೆ ಅಖ್ತರ್‌ಬೀ ಒಬ್ಬರೇ ಹತ್ತು ಜನವಾಗುತ್ತಾರೆ. ಸೊಂಟದ ಮೇಲೆ ಕೈಯಿಟ್ಟು, ಗಂಟಲು ದಪ್ಪ ಮಾಡಿ, ಮದುವೆ ಮನೆಯ ಯಜಮಾನನಾಗುತ್ತಾರೆ: “ಯಾವ್ದಾದ್ರೂ ಹಾಕಮ್ಮಾ, ಉರಿದ್ರೆ ಸಾಕು!” ಆಮೇಲೆ ಅದೇ ಯಜಮಾನ ಮಾರನೆಯ ದಿನ ಪಂಚೆ ಎತ್ತಿ ಕಟ್ಟಿ ಏದುಸಿರು ಬಿಡುತ್ತ ಬರುತ್ತಾನೆ: “ಬೂಬಮ್ಮಾ, ಬೂಬಮ್ಮಾ, ಅದರಾಗೆ ಬೇವು ಐತೇನೇ? ನಮ್ಮ ಬೀಗರು ಬೇವಿನೋರಂತೆ, ಈಗ ಹೇಳ್ತಾರೆ!” ಈ ‘ಈಗ ಹೇಳ್ತಾರೆ’ ಎಂಬ ಎರಡು ಮಾತು ಕೇಳಿ ಕೇಳಿ ಅವರ ತಲೆಕೂದಲು ಬೆಳ್ಳಗಾಗಿದೆ. “ಹುಡುಗಿ ಬಣ್ಣ ಕೇಳ್ತೀರಿ, ಹುಡುಗನ ನೌಕ್ರಿ ಕೇಳ್ತೀರಿ, ನಕ್ಷತ್ರ ಕೇಳ್ತೀರಿ. ಅವ್ರ ಮನೆ ಮರ ಯಾವ್ದು ಅಂತ ಕೇಳಾಕೆ ಬಾಯಿಗೆ ಏನು ಬಂದಿರ್ತೈತೆ ನಿಮ್ಗೆ?”

ಇನ್ನೊಂದು ಜಾತಿಯ ಗಿರಾಕಿ ಈಚೆಗೆ ಶುರುವಾಗಿದ್ದಾನೆ. ಪ್ಯಾಂಟು ಹಾಕಿದವನು, ಓದಿದವನು. ಮದುವೆ ಗೊತ್ತಾದ ಮೇಲೆ ಸೈಕಲ್ ಏರಿ ಬರುತ್ತಾನೆ, ಕಟ್ಟಿಗೆ ಬೇಡ, ಮಾಹಿತಿ ಬೇಕು. ಅಖ್ತರ್‌ಬೀ ಈಗ ಭುಜ ಕುಗ್ಗಿಸಿ, ಮೂಗಿನಲ್ಲಿ ಮಾತಾಡುತ್ತಾರೆ: “ಅಮ್ಮಾ, ನಮ್ಮ ಬೆಡಗು ಯಾವ್ದು ಅಂತ ಸ್ವಲ್ಪ ಹೇಳ್ತೀರಾ? ಅಪ್ಪನಿಗೂ ನೆನಪಿಲ್ಲವಂತೆ.” ಹೊನ್ನೆಯವನಿಗೆ ತಾನು ಹೊನ್ನೆಯವನೆಂದು ಹೇಳಲು ನ್ಯಾಮತಿಯ ಸಾಬರ ಹೆಂಗಸೇ ಆಗಬೇಕು. “ನಂಗೆ ಬೆಡಗಿಲ್ಲ ಕಣ್ರಿ. ನಾನು ಹುಣಸೆ ಸುಡ್ಬೋದು, ಆಲ ಸುಡ್ಬೋದು, ನನ್ನ ತಡಿಯೋ ಮರ ಒಂದೂ ಇಲ್ಲ. ಅಂಥೋಳ ತಲೆ ಮೇಲೆ ಇವ್ರೆಲ್ಲರ ಅಜ್ಜ ಮುತ್ತಜ್ಜನ್ನ ಕುಂಡ್ರಿಸಿ ಇವ್ರು ಸಿನಿಮಾಕ್ಕೆ ಹೋಗ್ಯಾರೆ.”

ಕಳೆದ ಬೇಸಿಗೆಯಲ್ಲಿ ಜಗಳೂರು ಸೀಮೆಯ ಅಣ್ಣ ತಮ್ಮ ಇಬ್ಬರು, ಚಿಕ್ಕಹನುಮಂತಪ್ಪ ಮತ್ತು ಪಾಪಣ್ಣ, ಸೀದಾ ಡಿಪೋಗೆ ಬಂದು ನ್ಯಾಯ ಕೇಳಿದ್ದರಂತೆ. ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಎದ್ದಿದೆ. ಅಣ್ಣ ಹೇಳುತ್ತಾನೆ, ಅದೂ ನಮ್ಮ ಜಾಲಿಯ ದಾಯಾದಿ, ಮುಟ್ಟಬೇಡ. ತಮ್ಮ ಹೇಳುತ್ತಾನೆ, ಎಲ್ಲಿಂದಲೋ ಬಂದು ನಮ್ಮ ಹೆಸರು ಹಾಕಿಕೊಂಡು ಕೂತವನು ದಾಯಾದಿ ಹೇಗಾಗುತ್ತಾನೆ, ಕಡಿ. ಅಖ್ತರ್‌ಬೀ ಇಬ್ಬರಿಗೂ ಚಹಾ ಕುಡಿಸಿ, ‘ನಾನು ಕಟ್ಟಿಗೆಯವಳು, ಕೋರ್ಟಲ್ಲ’ ಎಂದು ಕಳಿಸಿದರು. ಆಮೇಲೆ ಸುಬಾನಸಾಬರು ಆ ದಿನದ ಹತ್ತನೆಯ ಮಾತನ್ನು ಆಡಿದರು: “ಚಹಾ ದಂಡ.”

ಸರ್ಕಾರ ಈಗ ಎಲ್ಲೆಡೆ ನೆಡಿಸುತ್ತಿರುವ ನೀಲಗಿರಿ ಬಂದ ಮೇಲೆ ಕೆಲಸ ಹಗುರಾಗಿದೆ. ನೀಲಗಿರಿ ಯಾರ ಬೆಡಗೂ ಅಲ್ಲ, ಯಾರ ಮನೆಗಾದರೂ ನಡೆಯುತ್ತದೆ. ಆದರೆ ಈ ಮದುವೆಯ ಅಡುಗೆಯವರು ಅದರ ವಾಸನೆ ಸಾರಿಗೆ ಹತ್ತುತ್ತದೆಂದು ಬೇಡ ಎಂದಿದ್ದಾರೆ. ಅಖ್ತರ್‌ಬೀಗೂ ಅದರ ಮೇಲೆ ಅಷ್ಟಕ್ಕಷ್ಟೆ. “ಇಸ್ಕೂಲ್ ಹುಡುಗ್ರಂಗೆ ಸಾಲಾಗಿ ನಿಂತಿರ್ತೈತೆ ಪಾಪ. ಕಡೀಬ್ಯಾಡ್ರೋ ಅನ್ನೋರು ಒಬ್ರೂ ಇಲ್ಲ ಅದಕ್ಕೆ. ತ್ಯಾವಣಿಗೆ ಅತ್ತಿ ಮರ ನೋಡ್ರಿ, ನಮ್ಮ ಅತ್ತೆ ಕಾಲದಿಂದ್ಲೂ ಹಂಗೇ ಐತೆ. ನಾನು ಎಷ್ಟು ಸಲ ಅದನ್ನ ಕೇಳಿದೀನಿ! ಕೊಡಲ್ಲ. ಕೊಡಲ್ಲ ಅನ್ನೋರು ಇದ್ದಿದ್ಕೇ ಐತೆ ಅದು.”

ಹಾಗಾದರೆ ಜಾಲಿಯವರನ್ನು 1972ರಲ್ಲಿ ಎಬ್ಬಿಸಿದ ಆ ತುಂಡು ಎಲ್ಲಿಂದ ಬಂತು? ಜಾಲಿಯ ತೊಗಟೆ ಚರ್ಮ ಹದ ಮಾಡಲು ಬೇಕು. ತೊಗಟೆಯವರು ಸುಲಿದುಕೊಂಡು ಹೋದ ಮೇಲೆ ಉಳಿದ ಮರ ಬತ್ತಲೆಯಾಗಿ ಡಿಪೋಗೆ ಬರುತ್ತದೆ. ತೊಗಟೆಯಿಲ್ಲದೆ ಒಣಗಿದ ಜಾಲಿಯನ್ನು ಸೀಳಿದರೆ ನೋಟಕ್ಕೆ ಹುಣಸೆಯೂ ಒಂದೇ, ಅದೂ ಒಂದೇ. ಅಂದು ಗಾಡಿ ಹೊನ್ನಾಳಿ ದಾರಿ ಹಿಡಿದ ಮೇಲೆ, ಕೊಡಲಿ ಹಾಕಿದ ಜಾಗದಲ್ಲಿ ಬಿದ್ದಿದ್ದ ಚಕ್ಕೆಯೊಂದನ್ನು ಅಖ್ತರ್‌ಬೀ ಸುಮ್ಮನೆ ಬಾಯಿಗೆ ಹಾಕಿಕೊಂಡರು. ಒಗರು. ಹುಣಸೆಯಲ್ಲ, ಜಾಲಿ.

“ಓಡಿ ಹೋಗಿ ಗಾಡಿ ನಿಲ್ಲಿಸ್ಬೋದಿತ್ತು. ಹೋಗ್ಲಿಲ್ಲ. ಒಂದೋ ಎರಡೋ ತುಂಡು, ಯಾರು ನೋಡ್ತಾರೆ ಅಂದ್ಕೊಂಡೆ. ಅದನ್ನ ಈವರೆಗೂ ಯಾರಿಗೂ ಹೇಳಿಲ್ಲ. ಗೊತ್ತಾಗ್ಲಿಲ್ಲ ಅಂತ್ಲೇ ಹೇಳ್ಕೊಂಡು ಬಂದೀನಿ.” ಇಷ್ಟು ಹೇಳುವಾಗ ಅವರು ಯಾರ ದನಿಯನ್ನೂ ತೆಗೆಯುವುದಿಲ್ಲ. ಅದು ಅವರದೇ ದನಿ.

ನೋಡಿದವರು ಉಡಚಮ್ಮ, ಮದುಮಗನ ತಾಯಿ. ಮೊದಲ ಪಂಕ್ತಿ ಕುಳಿತಿತ್ತು. ಕೈ ತೊಳೆಯಲು ಹಿತ್ತಲಿಗೆ ಹೋದ ಉಡಚಮ್ಮ ಒಲೆಯ ಬಾಯಲ್ಲಿ ಅಂಟು ಉಕ್ಕಿಸುತ್ತ ಉರಿಯುತ್ತಿದ್ದ ತುಂಡನ್ನು ಗುರುತು ಹಿಡಿದರು. ಎಳೆದು, ನೀರು ಸುರಿದು, ಆರಿದ ಕೊಳ್ಳಿಯನ್ನು ಸೆರಗಿನಲ್ಲಿ ಹಿಡಿದು ಪಂಕ್ತಿಯ ಮುಂದೆ ಬಂದು ನಿಂತರು. ಮುನ್ನೂರು ಜನ ಎದ್ದರು. ತಾಳಿ ಆಗಲೇ ಬಿದ್ದಿತ್ತು, ಆದ್ದರಿಂದ ಮದುವೆ ಉಳಿಯಿತು. ಅನ್ನ ಉಳಿಯಲಿಲ್ಲ, ಗುಂಡಿಗೆ ಹೋಯಿತು.

ಮದುಮಗಳು ದುರುಗಮ್ಮ ಜಗಳೂರು ಸೇರಿದಳು. ಅಲ್ಲಿ ಯುಗಾದಿಯ ದಿನ ಹೊಲದ ಜಾಲಿ ಮರಕ್ಕೆ ಮೊದಲ ತಂಬಿಗೆ ನೀರು ಎರೆಯುವುದು ಮನೆಯ ಸೊಸೆ. ಹದಿನೈದು ಯುಗಾದಿ ಕಳೆದವು. ದುರುಗಮ್ಮನ ಕೈಗೆ ಆ ತಂಬಿಗೆ ಬರಲಿಲ್ಲ. ಹಿರೇರನ್ನು ಸುಟ್ಟ ಮನೆಯವಳು ಎಂದು ಅತ್ತೆ ತಾನೇ ಎರೆದರು, ಇಲ್ಲವೇ ಮಗಳ ಕೈಲಿ ಎರೆಸಿದರು. ಬೀರಲಿಂಗಪ್ಪನವರು ಅಂದಿನಿಂದ ನ್ಯಾಮತಿಯ ಕಟ್ಟಿಗೆ ತರಿಸುವುದನ್ನು ಬಿಟ್ಟರು.

ಈಗ ದುರುಗಮ್ಮನ ಕೊನೆಯ ತಂಗಿಯನ್ನು ಉಡಚಮ್ಮನ ಮೈದುನನ ಮಗನಿಗೆ ತೆಗೆದುಕೊಂಡಿದ್ದಾರೆ. ಹೋದ ತಿಂಗಳು ತವರಿಗೆ ಬಂದ ದುರುಗಮ್ಮ ಡಿಪೋಗೇ ಬಂದು ಚಪ್ಪರದ ಕೆಳಗೆ ಕುಳಿತಳು. “ಅಕ್ಕಾ, ಕಟ್ಟಿಗೆ ನೀನೇ ಕೊಡ್ಬೇಕು. ಅಪ್ಪ ಬ್ಯಾಡ ಅಂತೈತೆ, ನಾನು ಹಟ ಹಿಡಿದೀನಿ. ಬೇರೆಯೋರ್ಗೆ ಇದು ಬರೀ ಕಟ್ಟಿಗೆ. ಏನಾಗ್ತೈತೆ ಅಂತ ಗೊತ್ತಿರೋದು ನಿಂಗೂ ನಂಗೂ ಇಬ್ರಿಗೇ.”

ಅಷ್ಟು ಹೇಳಿಸಿಕೊಂಡ ಮೇಲೆ ಕಟ್ಟಿಗೆ ತರುವ ಲಾರಿಯೇ ಕೈ ಕೊಟ್ಟಿತು. ಹುಣಸೆ, ಹೊಂಗೆ, ಮಾವು ಮಾತ್ರ ತರಬೇಕೆಂದು ಮೂರು ಸಲ ಹೇಳಿ ಕಳಿಸಿದ್ದರೂ ಡ್ರೈವರ್ ರಸೂಲ್ ಶುಕ್ರವಾರ ಬೆಳಗಾಗುವ ಮುಂಚಿನ ಸಹರಿ ಊಟದ ಹೊತ್ತಿಗೆ ಸುರಿದು ಹೋದ ರಾಶಿಯಲ್ಲಿ ಬತ್ತಲೆ ಜಾಲಿಯೂ ಸೇರಿತ್ತು. “ಎಲ್ಲಾ ಒಂದೇ ಅಲ್ವೇನಕ್ಕಾ, ಬೆಂಕಿಗೇನು ಗೊತ್ತಾಗ್ತೈತಾ?” ಎಂದನಂತೆ. “ಬೆಂಕಿಗೆ ಗೊತ್ತಾಗಲ್ಲ ಕಣೋ, ಉಡಚಮ್ಮನಿಗೆ ಗೊತ್ತಾಗ್ತೈತೆ!” ಎಂದು ಕೂಗಿದ ದನಿಗೆ ಪಕ್ಕದ ಓಣಿಯ ಕೋಳಿಗಳು ಬೇಗ ಎದ್ದವು. ಬೇರೆ ಲೋಡು ತರಿಸಲು ಅರಣ್ಯ ಇಲಾಖೆಯ ಪಾಸು ಬೇಕು, ಪಾಸಿಗೆ ಸೋಮವಾರ ಬರಬೇಕು. ಉಳಿದದ್ದು ನಾಲಿಗೆ ಒಂದೇ.

ಶುಕ್ರವಾರ ಸಂಜೆ, ರೋಜಾ ಬಿಡುವ ಇಫ್ತಾರಿನ ಹೊತ್ತಿಗೆ ಕೊನೆಯ ತುಂಡು ಮುಗಿಯುತ್ತದೆ. ಗೋಣಿಯ ಮೇಲೆ ಹನ್ನೊಂದು ಜಾಲಿ ಮಲಗಿವೆ. ಖರ್ಜೂರ ಬಾಯಿಗಿಟ್ಟ ಅಖ್ತರ್‌ಬೀ ಅದನ್ನು ಹಾಗೇ ಹೊರಗೆ ತೆಗೆದು ನೋಡುತ್ತಾರೆ. “ಇದು ಖರ್ಜೂರನೋ ಹೊಂಗೆ ತುಂಡೋ? ರುಚಿನೇ ಇಲ್ಲ.” ಸುಬಾನಸಾಬರು ನೀರಿನ ಚೊಂಬು ಮುಂದಿಡುತ್ತಾರೆ.

ಶನಿವಾರ ಬೆಳಿಗ್ಗೆ ಗಾಡಿಗೆ ಕಟ್ಟಿಗೆ ಏರುತ್ತಿರುವಾಗ ಬೀರಲಿಂಗಪ್ಪನವರೇ ಬರುತ್ತಾರೆ. ಅರವತ್ತೈದು ವರ್ಷದ, ಲಗ್ನಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡ, ಮೂರು ದಿನದಿಂದ ನಿದ್ದೆಯಿಲ್ಲದ ಮನುಷ್ಯ. ಗೋಣಿಯ ಮೇಲಿನ ಹನ್ನೊಂದು ತುಂಡುಗಳನ್ನು ಕಂಡು ಅವರ ಕಣ್ಣುಗಳು ಅಗಲವಾಗುತ್ತವೆ.

“ಏನ್ ಬೂಬಮ್ಮಾ ಇದು? ಮತ್ತೆ ಬಂದೈತಾ?”

“ಬಂದಿತ್ತು. ತೆಗ್ದೀನಿ. ಹನ್ನೊಂದು. ನಾಳೆ ನಾನೇ ತಗೊಂಡು ಬಂದು ಅಜ್ಜಿಗೆ ತೋರಿಸ್ತೀನಿ.”

“ತಲೆ ಕೆಟ್ಟೈತಾ ನಿಂಗೆ? ತೆಗ್ದೀಯಲ್ಲ, ಮುಗೀತು! ಇಲ್ಲೇ ಎಲ್ಲಾದ್ರೂ ಎಸಿ, ಬಾಯಿ ಮುಚ್ಕೊಂಡಿರು. ಅದು ಗೊತ್ತಾದ್ರೆ ಆ ಮುದುಕಿ, ಹನ್ನೊಂದು ಇದ್ದಲ್ಲಿ ಹನ್ನೆರಡನೇದೂ ಇರ್ತೈತೆ ಅಂತ ಚಪ್ಪರದಾಗೇ ಕಾಲಿಡಲ್ಲ!”

“ಹನ್ನೆರಡನೇದು ಇಲ್ಲ.”

“ನಿಂಗೆ ಗೊತ್ತು, ನಂಗೆ ಗೊತ್ತು. ಅವ್ಳಿಗೆ?”

“ಅದಕ್ಕೇ ಹೇಳ್ತೀನಿ ಅಂತಿರೋದು. ಒಂದ್ಸಲ ಬಾಯಿ ಮುಚ್ಕೊಂಡಿದ್ದು ಆಗೈತೆ, ಬೀರಲಿಂಗಪ್ಪಾರೆ. ಅದರ ಊಟ ನಿಮ್ಮ ಮಗಳು ಹದಿನೈದು ವರ್ಷ ಉಂಡೈತೆ.”

ಬೀರಲಿಂಗಪ್ಪನವರು ಪತ್ರಿಕೆಗಳ ಕಟ್ಟನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸುತ್ತಾರೆ. “ಏನಾದ್ರೂ ಮಾಡ್ಕೋ” ಎಂದು ಬಸ್ಸಿಗೆ ಹೊರಡುತ್ತಾರೆ. ಹಿಂದಿನಿಂದ ಅಖ್ತರ್‌ಬೀ ಕೂಗುತ್ತಾರೆ: “ನಾನು ಬರೋ ತನಕ ಒಲೆ ಹಚ್ಚಿಸ್ಬ್ಯಾಡ್ರಿ!”

ಭಾನುವಾರ ಮೊದಲ ಬಸ್ಸಿಗೆ ಅವರು ಹೊನ್ನಾಳಿಯಲ್ಲಿ ಇಳಿಯುತ್ತಾರೆ. ತಲೆಯ ಮೇಲೆ ಗೋಣಿ. ಬೀರಲಿಂಗಪ್ಪನವರ ಹಿತ್ತಲಿನಲ್ಲಿ ಮೂರು ಗುಂಡಿ ಒಲೆ ತೋಡಿ, ಮೇಲೆ ಹಂಡೆ ಏರಿಸಿ, ಬೆಂಕಿಯಿಲ್ಲದೆ ಕುಳಿತಿರುವ ಅಡುಗೆಯವರು ಅವರನ್ನು ಕೊಲ್ಲುವಂತೆ ನೋಡುತ್ತಾರೆ. ಜಗಳೂರಿನ ದಿಬ್ಬಣದ ಬಸ್ಸು ಆಗಲೇ ಬಂದಿದೆ. ಮತ್ತು ಕಟ್ಟಿಗೆ ರಾಶಿಯ ಮುಂದೆ, ಊರುಗೋಲು ಊರಿ, ಎಪ್ಪತ್ತೇಳು ವರ್ಷದ ಉಡಚಮ್ಮ ನಿಂತಿದ್ದಾರೆ. ಕಣ್ಣಿಗೆ ಪೊರೆ ಬಂದಿದೆ, ಆದರೂ ಒಂದೊಂದು ತುಂಡನ್ನು ಸವರಿ ಸವರಿ ನೋಡುತ್ತಿದ್ದಾರೆ. ನಾಲ್ಕು ಹೆಜ್ಜೆ ಹಿಂದೆ ಸೊಸೆ ದುರುಗಮ್ಮ.

ಅಖ್ತರ್‌ಬೀ ಗೋಣಿ ಇಳಿಸಿ ಬಿಚ್ಚುತ್ತಾರೆ.

“ಅಜ್ಜೀ, ನಾನು ಅಖ್ತರ್‌ಬೀ. ಆ ಸಲ ಕಟ್ಟಿಗೆ ಕಳಿಸ್ದೋಳು. ಈ ಸಲದ ಲೋಡಿನಾಗೂ ಜಾಲಿ ಬಂದಿತ್ತು. ಹನ್ನೊಂದು. ಇಲ್ಲೇ ಅವೆ ನೋಡು.”

ಬಾಗಿಲಲ್ಲಿ ನಿಂತ ಬೀರಲಿಂಗಪ್ಪನವರು ತಲೆಯ ರುಮಾಲು ತೆಗೆದು ಮುಖ ಒರೆಸಿಕೊಳ್ಳುತ್ತಾರೆ.

“ಆ ಸಲ ಗೊತ್ತಿರ್ಲಿಲ್ಲ ಅಂದಿದ್ದೆ ನೀನು” ಎನ್ನುತ್ತಾರೆ ಉಡಚಮ್ಮ.

“ಸುಳ್ಳು ಹೇಳಿದ್ದೆ. ಗಾಡಿ ಹೋದ್ಮೇಲೆ ಗೊತ್ತಾಗಿತ್ತು. ಬಾಯಿ ಬಿಡ್ಲಿಲ್ಲ. ಈ ಹುಡ್ಗಿದಾಗ್ಲಿ, ಅವ್ರ ಅಪ್ಪಂದಾಗ್ಲಿ ಏನೂ ತಪ್ಪಿಲ್ಲ. ತಪ್ಪು ನಂದು.”

“ಈಗ ಎಲ್ಲಾ ತೆಗ್ದೀನಿ ಅಂತೀಯಲ್ಲ. ಹೆಂಗೆ ನಂಬ್ಲಿ?”

ಅಖ್ತರ್‌ಬೀ ಮುಂದೆ ಹೋಗಿ ಬಾಯಿ ತೆಗೆದು ನಾಲಿಗೆ ಚಾಚುತ್ತಾರೆ. ಅಡುಗೆಯವರು ಬಗ್ಗಿ ನೋಡುತ್ತಾರೆ. ತುದಿಯೆಲ್ಲ ಸೀಳಿ, ಕಂದುಗಟ್ಟಿ, ಸಿಬಿರು ಚುಚ್ಚಿದ ಜಾಗಗಳಲ್ಲಿ ರಕ್ತ ಕೂತಿದೆ. ಕಣ್ಣು ಕಾಣದ ಉಡಚಮ್ಮ ಏನು ಎಂದು ಕೇಳುತ್ತಾರೆ. ದುರುಗಮ್ಮ ಹೇಳುತ್ತಾಳೆ: “ಒಂದೊಂದನ್ನೂ ನೆಕ್ಕಿ ನೋಡೈತೆ ಅತ್ತೆ, ಗಾಡಿ ತಂದ ಸಾಬರು ಹೇಳಿದ್ರು. ಆರ್ನೂರು ತುಂಡು. ರೋಜಾ ಹಿಡ್ಕೊಂಡು.”

“ಅಂದ್ರೆ?”

“ಅವ್ರ ಉಪಾಸ. ಹಗಲೊತ್ತು ನೀರೂ ಕುಡಿಯಲ್ಲ.”

“ಯಾಕೆ ಕುಡಿಯಲ್ಲ?” ಎಂದು ಮುದುಕಿ ಅಖ್ತರ್‌ಬೀಯನ್ನೇ ಕೇಳುತ್ತಾರೆ.

ಅಖ್ತರ್‌ಬೀಗೆ ಇಲ್ಲಿ ತಾಳ್ಮೆ ತಪ್ಪುತ್ತದೆ. “ನೀವು ಜಾಲಿ ಯಾಕೆ ಸುಡಲ್ಲ ಅಜ್ಜೀ? ನಾನೇನಾದ್ರೂ ಕೇಳಿದ್ನಾ?”

ಉಡಚಮ್ಮ ಊರುಗೋಲನ್ನು ಬದಿಗಿಟ್ಟು ಕುಕ್ಕರುಗಾಲಲ್ಲಿ ಕುಳಿತು, ಹನ್ನೊಂದು ತುಂಡುಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಾರೆ. ಎರಡು ಸಲ ಎಣಿಸುತ್ತಾರೆ. ಆಮೇಲೆ ಅಡುಗೆಯವರ ಕಡೆ ಮುಖ ಮಾಡದೆಯೇ, “ಹಚ್ರಿ ಒಲೆ” ಎನ್ನುತ್ತಾರೆ. ಸೊಸೆಯ ಕಡೆ ತಿರುಗುತ್ತಾರೆ.

“ದುರುಗೀ, ನನ್ನ ಪೆಟ್ಟಿಗೆಯಾಗೆ ಬಿಳೀ ಪಂಚೆ ಐತೆ, ತಾ. ಹಿರೇರ್ನ ಗೋಣಿಯಾಗೆ ಮಲಗಿಸ್ಯಾರೆ. ಊರಿಗೆ ಕರ್ಕೊಂಡು ಹೋಗಿ ಮಣ್ಣು ಮಾಡ್ಬೇಕು. ನೀನೇ ಎತ್ತು.”

ದುರುಗಮ್ಮ ಅಲ್ಲೇ ನಿಂತಿರುತ್ತಾಳೆ. “ನಾನಾ ಅತ್ತೆ?”

“ಮತ್ಯಾರು? ಮನೆ ಸೊಸೆ ನೀನಲ್ವೇನು?”

ಊಟದ ಹೊತ್ತಿನಲ್ಲಿ ಅಖ್ತರ್‌ಬೀ ಪಂಕ್ತಿಯ ಕಡೆ ಹೋಗುವುದಿಲ್ಲ. ಹಿತ್ತಲ ಗೋಡೆಗೆ ಒರಗಿ ಕುಳಿತು ಒಲೆಯ ಬಾಯನ್ನೇ ಕಾಯುತ್ತಾರೆ. ಗೋಧಿ ಹುಗ್ಗಿಯ ಘಮ ಮೂಗಿನ ಮುಂದೆ ಹಾದು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ದುರುಗಮ್ಮ ಓಡುತ್ತ ಬರುತ್ತಾಳೆ. “ಅಕ್ಕಾ, ಎದ್ರು!” ಅಖ್ತರ್‌ಬೀ ಗೋಡೆ ಹಿಡಿದುಕೊಳ್ಳುತ್ತಾರೆ. “ಉಂಡು ಎದ್ರು ಅಕ್ಕಾ, ಉಂಡು! ಅತ್ತೆ ಎರಡು ಸಲ ಹುಗ್ಗಿ ಹಾಕಿಸ್ಕೊಂಡ್ರು.” ಅಖ್ತರ್‌ಬೀ ಬೈಯಬೇಕೋ ಅಳಬೇಕೋ ತಿಳಿಯದೆ ಕೊನೆಗೆ ಬೈಯುತ್ತಾರೆ: “ಮೊದ್ಲು ಉಂಡ್ರು ಅನ್ನೇ ತಾಯಿ, ಆಮೇಲೆ ಎದ್ರು ಅನ್ನು! ಜೀವ ಹೋಗಿತ್ತು ನಂದು.”

ಇದಾಗಿ ವಾರ ಕಳೆದಿದೆ. ನ್ಯಾಮತಿಯ ಡಿಪೋದಲ್ಲಿ ಅಖ್ತರ್‌ಬೀ ಯಥಾಪ್ರಕಾರ ತಕ್ಕಡಿಯ ಮುಂದೆ ಕುಳಿತು ಯಾರನ್ನೋ ದಬಾಯಿಸುತ್ತಿದ್ದಾರೆ. ಚನ್ನಗಿರಿಯಿಂದ ಬಂದವರು, ಬೀಗರ ಮರ ಗೊತ್ತಿಲ್ಲದವರು. “ಹೋಗಿ ಕೇಳ್ಕೊಂಡು ಬರ್ರಿ, ಆಮೇಲೆ ತಕ್ಕಡಿ ಮುಟ್ತೀನಿ.” ನಾಲಿಗೆ ಇನ್ನೂ ವಾಸಿಯಾಗಿಲ್ಲ, ಆದರೆ ಮಾತು ಒಂದೂ ಕಡಿಮೆಯಾಗಿಲ್ಲ. ಮದುವೆ ಮನೆಯವರು ಏನಾದರೂ ಒಳ್ಳೆಯ ಮಾತು ಹೇಳಿದರೇ ಎಂದು ಕೇಳಿದರೆ ಕೈ ಆಡಿಸುತ್ತಾರೆ.

“ಕಟ್ಟಿಗೆ ಬಗ್ಗೆ ಯಾರು ಮಾತಾಡ್ತಾರೆ? ಹುಗ್ಗಿ ಚೆನ್ನಾಗಿತ್ತು ಅಂದ್ರು, ವಾಲಗ ಚೆನ್ನಾಗಿತ್ತು ಅಂದ್ರು. ಬಿಡ್ರಿ. ಸಂಜೆ ಬಸ್‌ಸ್ಟ್ಯಾಂಡಿನಾಗೆ ನಿಂತಿದ್ದೆ, ಅವ್ರ ದಿಬ್ಬಣದ ಬಸ್ಸು ನನ್ನ ಮುಂದೇನೇ ಹೋತು. ಕಿಟಕಿ ಪಕ್ಕದ ಸೀಟಿನಾಗೆ, ಬಿಳೀ ಪಂಚೆ ಹೊದ್ಕೊಂಡು, ಹನ್ನೊಂದು ಜಾಲಿ ತುಂಡು ಕುಂತಿದ್ವು. ಪಕ್ಕದಾಗೆ ದುರುಗಮ್ಮ ಬೀಳ್ದಂಗೆ ಹಿಡ್ಕೊಂಡಿತ್ತು. ಮದುಮಗನ ಮಾವಂದಿರು ಇಬ್ರು ಜಾಗ ಇಲ್ದೆ ನಿಂತಿದ್ರು, ಎಬ್ಬಿಸಾಕೆ ಒಬ್ರಿಗೂ ಧೈರ್ಯ ಇಲ್ಲ.”

ಒಂದು ತುಂಡು ಹುಣಸೆಯನ್ನು ತಕ್ಕಡಿಗೆ ಎಸೆಯುತ್ತಾರೆ.

“ಹಿರೇರ್ನ ನಾನು ಕುಂಡ್ರಿಸಿ ಕಳಿಸ್ದೆ. ರೋಜಾ ಹಿಡಿದೋಳು ನಾನು ಮಾತ್ರ, ಹೊನ್ನಾಳಿಯಿಂದ ನ್ಯಾಮತಿ ತನಕ ನಿಂತ್ಕೊಂಡೇ ಬಂದೆ ನೋಡ್ರಿ.”